ಹಲಗೆಯ ಮೇಲೆ ಎಲ್ಲರೂ ಹಿಂತಿರುಗಿದ್ದರು

ಹಡಗಿನಿಂದ ದಡಕ್ಕೆ ಇಳಿಯುವ ಬಾಗಿಲಿನ ಪಕ್ಕದಲ್ಲಿ ಒಂದು ಹಲಗೆ ಇರುತ್ತದೆ. ಅದರ ಮೊಳೆಗಳಿಗೆ ಪ್ರಯಾಣಿಕರ ಸಂಖ್ಯೆ ಬರೆದ ಬಿಲ್ಲೆಗಳು ತೂಗುತ್ತವೆ. ಬಿಲ್ಲೆಯ ಒಂದು ಮುಖ ಬಿಳಿ, ಇನ್ನೊಂದು ಕೆಂಪು. ಇಳಿಯುವಾಗ ನಿಮ್ಮ ಬಿಲ್ಲೆಯನ್ನು ಕೆಂಪಿಗೆ ತಿರುಗಿಸಬೇಕು, ಮರಳಿದಾಗ ಬಿಳಿಗೆ. ಹಲಗೆ ಪೂರ್ತಿ ಬಿಳಿಯಾದರೆ ದಡದಲ್ಲಿ ಯಾರೂ ಉಳಿದಿಲ್ಲವೆಂದು ಅರ್ಥ. ಉತ್ತರ ಧ್ರುವದ ಕಡೆಗೆ ಹೋಗುವ ಪ್ರವಾಸಿ ಹಡಗಿನ ಸುರಕ್ಷತೆ ಇಷ್ಟು ಸರಳವಾದ ವಸ್ತುವಿನ ಮೇಲೆ ನಿಂತಿದೆ. ಸರಳವಾಗಿರುವುದರಿಂದಲೇ ಅದಕ್ಕೆ ಎರಡನೆಯ ಸಾಕ್ಷಿ ಬೇಕು. ಆ ಸಾಕ್ಷಿಯನ್ನು ತೆಗೆದುಹಾಕಿದವರು ಯಾರು, ಅದರ ಹೊಣೆಯನ್ನು ಯಾರ ಹೆಗಲಿಗೆ ಜಾರಿಸಲು ನೋಡಿದರು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಡಗಿನ ಕಂಪನಿಯ ಕಚೇರಿ ಇದ್ದುದು ನಾನಿದ್ದ ನಗರದ ಫ್ರೀಮಾಂಟ್ ಬಡಾವಣೆಯಲ್ಲಿ. ಕಾಲುವೆಯ ಸೇತುವೆ ಎತ್ತಿದಾಗಲೆಲ್ಲ ಗಂಟೆ ಕೇಳಿಸುವ ಒಂದು ಕೋಣೆಯಲ್ಲಿ ನಮಗೆ, ಅಂದರೆ ಮಾರ್ಗದರ್ಶಿಗಳಿಗೆ, ತರಬೇತಿ ನಡೆಯಿತು. ವಿಶ್ವವಿದ್ಯಾಲಯದಲ್ಲಿ ಸಮುದ್ರದ ಮಂಜುಗಡ್ಡೆಯನ್ನು ಅಭ್ಯಾಸ ಮಾಡಿದ್ದ ನನಗೆ ಎರಡು ಕೆಲಸಗಳಿದ್ದವು: ಹಿಮದ ಬಗ್ಗೆ ಮಾತನಾಡುವುದು, ರಬ್ಬರ್ ದೋಣಿ ನಡೆಸುವುದು. ಹಿಂದಿನ ಬೇಸಿಗೆಯವರೆಗೆ ಕಡೆಯ ದೋಣಿ ಹೊರಡುವ ಮೊದಲು ‘ದಡ ಗುಡಿಸುವ’ ಕ್ರಮವಿತ್ತು. ಒಬ್ಬ ಮಾರ್ಗದರ್ಶಿ ಮತ್ತು ಹಿಮಕರಡಿಗಳ ಕಾವಲಿಗೆ ನೇಮಿಸಿದ ಸ್ಥಳೀಯರೊಬ್ಬರು ಇಳಿದ ಜಾಗವನ್ನೆಲ್ಲ ಒಂದು ಸುತ್ತು ನಡೆದು, ದಡದಲ್ಲಿ ತಲೆ ಎಣಿಸಿ, ಆ ಲೆಕ್ಕವನ್ನು ಹಡಗಿಗೆ ತಿಳಿಸುತ್ತಿದ್ದರು. ಈ ಸಲ ಅದನ್ನು ಕೈಬಿಡಲಾಗಿತ್ತು. ಉಳಿದ ವೇಳೆಯಲ್ಲಿ ದಿನಕ್ಕೆ ಇನ್ನೊಂದು ದಡ ತೋರಿಸಬಹುದು ಎನ್ನುವುದು ಯಾನದ ಮುಖ್ಯಸ್ಥನ ವಿವರಣೆ.

"ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ತಿರುಗಿಸಿದರೆ?" ಎಂದು ಕೇಳಿದೆ.

"ಬೇರೆಯವರ ಬಿಲ್ಲೆಯನ್ನು ಯಾರಾದರೂ ಯಾಕೆ ತಿರುಗಿಸುತ್ತಾರೆ?" ಎಂದು ಅವನು ನಿಜವಾದ ಬೆರಗಿನಿಂದಲೇ ಕೇಳಿದ.

ಆ ಕೋಣೆಯಲ್ಲಿ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ನಾನೊಬ್ಬಳೇ. ಇಡೀ ಮನೆಯವರ ಟಿಕೆಟನ್ನು ಒಬ್ಬರೇ ಹಿಡಿದುಕೊಳ್ಳುವ, ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಅತ್ತಿಗೆಗೂ ಜಾಗ ಹಿಡಿಯುವ, ಊಟದ ಪಂಕ್ತಿಯಲ್ಲಿ ಇನ್ನೂ ಬಾರದವರಿಗೆ ಎಲೆ ಹಾಕಿಸುವ ಜನ ನಾವು. ವಿವರಿಸಲು ಪ್ರಯತ್ನಿಸಿದೆ. ಎಲ್ಲರೂ ನಕ್ಕರು. ಹಲಗೆಯ ಬಳಿ ಒಬ್ಬರನ್ನು ನಿಲ್ಲಿಸುವ ಮಾತನ್ನು "ನೋಡೋಣ" ಎಂಬಲ್ಲಿಗೆ ಮುಗಿಸಿದರು.

ಹಡಗು ಕೆನಡಾದ ಉತ್ತರ ದ್ವೀಪಗಳ ನಡುವೆ ಸಾಗಿತು. ನನ್ನ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿತ್ತು. ಹಿಮದ ತುಂಡುಗಳು ಹೊರಮೈಗೆ ಉಜ್ಜಿಕೊಂಡು ಹೋಗುವಾಗ ತಗಡಿನ ಮೇಲೆ ತೆಂಗಿನ ಚಿಪ್ಪು ಎಳೆದಂತೆ ಕೇಳಿಸುತ್ತಿತ್ತು. ಸೂರ್ಯ ಮುಳುಗದ ಊರಿನಲ್ಲಿ ಕಿಟಕಿಯಿಲ್ಲದ ಕೋಣೆ. ಸಹೋದ್ಯೋಗಿಗಳು ಕೆಟ್ಟವರಲ್ಲ. ಅವರು ಹಳೆಯ ಯಾನಗಳ ಕಥೆ ಹೇಳಿ ನಗುತ್ತಿದ್ದರು. ಆ ನಗೆಗೆ ನಾನು ಪ್ರತಿಸಲವೂ ಒಂದು ಕ್ಷಣ ತಡವಾಗಿ ಸೇರುತ್ತಿದ್ದೆ. ಹೊರಗೆ ಸಾವಿರಾರು ವರ್ಷಗಳ ಗಾಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಹಿಮಬಂಡೆಗಳು ನಿಂತಿರುತ್ತಿದ್ದವು. ಅವುಗಳ ನೀಲಿ ಏಕೆ ನೀಲಿ ಎಂದು ಧ್ವನಿವರ್ಧಕದಲ್ಲಿ ವಿವರಿಸಿ, ಆಮೇಲೆ ದಿನವಿಡೀ ನನ್ನದೇ ಭಾಷೆಯಲ್ಲಿ ಒಂದು ಶಬ್ದವನ್ನೂ ಆಡದೆ ಮಲಗುತ್ತಿದ್ದೆ.

ಆ ಮೌನ ಮುರಿದದ್ದು ಬೂಟು ಕಳಚುವ ಕೋಣೆಯಲ್ಲಿ. ಲೈಫ್ ಜಾಕೆಟಿನ ಜಿಪ್ ಸಿಕ್ಕಿಹಾಕಿಕೊಂಡಿತ್ತು. "ಬಾರೋ ಶನಿ," ಎಂದು ಅದನ್ನು ಎಳೆಯುತ್ತಿದ್ದಾಗ ಹಿಂದಿನಿಂದ ಧ್ವನಿ ಬಂತು.

"ಕನ್ನಡದೋಳೇನಮ್ಮಾ ನೀನು?"

ತಿರುಗಿ ನೋಡಿದರೆ ಉಣ್ಣೆಯ ಟೊಪ್ಪಿ, ದಪ್ಪ ಕನ್ನಡಕ, ಕಾಲಿಗೆ ಮೈಸೂರಿನಿಂದಲೇ ಬಂದಂತಿದ್ದ ಕಪ್ಪು ಚಪ್ಪಲಿಯ ಹಿರಿಯ ಹೆಂಗಸು. ಡೌನ್‌ಟೌನ್ ಬೆಲ್ವ್ಯೂದಲ್ಲಿ, ಅಂದರೆ ನಮ್ಮ ಕಚೇರಿಯಿಂದ ಸರೋವರದಾಚೆ, ಇರುವ ಮಗಳು-ಅಳಿಯನ ಜೊತೆ ಬಂದಿದ್ದರು.

"ಹೌದು ಆಂಟಿ."

"ಆಂಟಿ ಗೀಂಟಿ ಬೇಡ. ಸ್ಕೂಲಲ್ಲಿ ಮಿಸ್ ಅಂತಿದ್ರು, ಬೀದಿಯವರು ಮೇಷ್ಟ್ರಮ್ಮ ಅಂತಾರೆ. ಯಾವ್ದು ಬೇಕೋ ಆರಿಸ್ಕೋ."

ಅವರು ಭೂಗೋಳ ಕಲಿಸಿ ನಿವೃತ್ತರಾದವರು. "ಟಂಡ್ರಾದಲ್ಲಿ ಮರಗಳು ಬೆಳೆಯುವುದಿಲ್ಲ ಅಂತ ಬೋರ್ಡ್ ಮೇಲೆ ಬರೆದೂ ಬರೆದೂ ಕೈ ಸವೀತು. ನಿಜಾನಾ ಅಂತ ಒಂದ್ಸಲ ನೋಡ್ಬೇಕಿತ್ತು," ಎಂದರು.

"ಸುಳ್ಳು ಮಿಸ್. ಮರ ಇದೆ. ವಿಲ್ಲೋ ಅಂತ, ಬೆರಳಿನಷ್ಟು. ಗಾಳಿಗೆ ಹೆದರಿ ನೆಲದ ಮೇಲೆ ಮಲಗಿಕೊಂಡೇ ಬೆಳೆಯುತ್ತೆ."

ಮೇಷ್ಟ್ರಮ್ಮ ನನ್ನನ್ನು ದಿಟ್ಟಿಸಿದರು. "ಹಾಗಾದ್ರೆ ಅಷ್ಟೂ ಮಕ್ಕಳಿಗೆ ತಪ್ಪು ಉತ್ತರಕ್ಕೆ ಮಾರ್ಕ್ಸ್ ಕೊಟ್ಟಿದೀನಿ ಅನ್ನು."

ಅಂದಿನಿಂದ ಸಂಜೆ ಚಹದ ಹೊತ್ತಿಗೆ ಅವರ ಮೇಜಿನಲ್ಲಿ ನನಗೊಂದು ಕುರ್ಚಿ, ಚಟ್ನಿಪುಡಿ ಕಲಸಿದ ಒಂದು ಹಿಡಿ ಅವಲಕ್ಕಿ. ಮಗಳು ಸಮುದ್ರದ ಓಲಾಟಕ್ಕೆ ಬಹುತೇಕ ಮಲಗಿಯೇ ಇರುತ್ತಿದ್ದಳು. ಅಳಿಯ ಉತ್ಸಾಹಿ, ಎಲ್ಲರಿಗೂ ಕಾಫಿ ತಂದುಕೊಡುವ ಮನುಷ್ಯ. ಮೊದಲ ಇಳಿತದಲ್ಲೇ ಅವರು ಹಲಗೆಯ ಮುಂದೆ ನಿಂತು ಮನೆಯವರ ಬಿಲ್ಲೆಗಳನ್ನೆಲ್ಲ ಸಾಲಾಗಿ ತಿರುಗಿಸುತ್ತಿದ್ದುದನ್ನು ನೋಡಿದೆ.

"ಸಾರ್, ಇದು ಬಸ್ ಸೀಟಲ್ಲ, ಟವೆಲ್ ಹಾಕೋಕೆ. ಅವರವರದ್ದು ಅವರೇ ತಿರುಗಿಸ್ಬೇಕು."

"ಅಯ್ಯೋ, ಒಂದೇ ಫ್ಯಾಮಿಲಿ ಅಲ್ವೇನಮ್ಮಾ! ಅತ್ತೆಗೆ ಆ ಮೊಳೆ ಎಟುಕಲ್ಲ," ಎಂದು ನಕ್ಕರು. ಆ ದಿನವೇ ಮುಖ್ಯಸ್ಥನಿಗೆ ಇದನ್ನು ತಿಳಿಸಿ, ಹಲಗೆಯ ಬಳಿ ಒಬ್ಬರನ್ನು ನಿಲ್ಲಿಸುವಂತೆ ಮತ್ತೆ ಕೇಳಿದೆ. ಮತ್ತೆ "ನೋಡೋಣ" ಎಂದ.

ಒಂದು ಬೆಳಿಗ್ಗೆ ಕೊಲ್ಲಿಯ ಅಂಚಿನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟರ ಹಳ್ಳಿಯೊಂದಕ್ಕೆ ಹೋದೆವು. ಜಲ್ಲಿಕಲ್ಲಿನ ಬೀದಿಗಳು, ಕಂಬಗಳ ಮೇಲೆ ನಿಂತ ಬಣ್ಣದ ಮನೆಗಳು, ಚೌಕಟ್ಟಿಗೆ ಬಿಗಿದು ಒಣಗಲು ಇಟ್ಟ ಸೀಲ್ ಚರ್ಮ. ಮಧ್ಯಾಹ್ನದ ಇಳಿತಕ್ಕೆ ಅಲ್ಲಿಂದಲೇ ಒಬ್ಬ ಕಾವಲಿನವಳನ್ನು ಗೊತ್ತುಮಾಡಿದ್ದರು. ನಡುವಯಸ್ಸಿನವಳು, ಹೆಗಲಿಗೆ ಬಂದೂಕು, ಸ್ವಂತ ದೋಣಿ. ಅಲ್ಲಿಯವರು ಹೌದು ಎನ್ನಲು ಹುಬ್ಬು ಏರಿಸುತ್ತಾರೆ, ಇಲ್ಲ ಎನ್ನಲು ಮೂಗು ಸುಕ್ಕಿಸುತ್ತಾರೆ. ಬಾಯಿ ತೆರೆದು ಚಳಿ ಒಳಗೆ ಬಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ಮೇಷ್ಟ್ರಮ್ಮ ಅದನ್ನು ಐದೇ ನಿಮಿಷದಲ್ಲಿ ಕಲಿತು ಅವಳ ಜೊತೆ ಮಾತಿಲ್ಲದೆ ಹರಟತೊಡಗಿದರು.

"ನಿನ್ನ ತಾಯಿಯೇ?" ಎಂದು ಕಾವಲಿನವಳು ನನ್ನನ್ನು ಕೇಳಿದಳು. ಅಲ್ಲವೆಂದು ಮೂಗು ಸುಕ್ಕಿಸಿದೆ. "ಮತ್ತೆ ಯಾಕೆ ಅವರ ಮೊಣಕೈ ಹಿಡಿದುಕೊಂಡಿದ್ದೀಯ?" ಎಂದಳು.

ಮಧ್ಯಾಹ್ನದ ದಡ ಕೊಲ್ಲಿಯ ಆಚೆ ಇತ್ತು. ಹಿಂದೆ ಜನ ಬೇಸಿಗೆಯಲ್ಲಿ ಬೀಡುಬಿಡುತ್ತಿದ್ದ ಜಾಗ. ಡೇರೆಯ ಅಂಚನ್ನು ಒತ್ತಿಹಿಡಿಯುತ್ತಿದ್ದ ಕಲ್ಲುಗಳ ವೃತ್ತಗಳು ಪಾಚಿ ಕಟ್ಟಿ ಇನ್ನೂ ಉಳಿದಿವೆ. ಕಾವಲಿನವಳು ಮೊದಲು ಇಳಿದು ದಿಬ್ಬದ ಮೇಲೆ ನಿಂತಳು. ಪ್ರಯಾಣಿಕರನ್ನು ಇಳಿಸಿದೆವು. ಕೆಲಹೊತ್ತಿನಲ್ಲೇ ಕೊಲ್ಲಿಯ ಬಾಯಿಯಿಂದ ಮಂಜು ಒಳಬರತೊಡಗಿತು. ಜೊತೆಗೆ ನೀರಿನ ಸೆಳೆತ ತಿರುಗಿ, ದೊಡ್ಡದೊಂದು ಹಿಮಬಂಡೆ ಹಡಗು ಲಂಗರು ಹಾಕಿದ್ದ ಕಡೆಗೆ ಜರುಗುತ್ತಿತ್ತು. ಎಲ್ಲರನ್ನೂ ಹಿಂದಕ್ಕೆ ಕರೆಯಲು ಆಜ್ಞೆಯಾಯಿತು. ಅದು ಸರಿಯಾದ ಆಜ್ಞೆ. ತಪ್ಪು ನಡೆದದ್ದು ಅದರ ನಂತರ.

ಕಡೆಯ ದೋಣಿ ನನ್ನದು. ಬಂದವರನ್ನು ತುಂಬಿಕೊಂಡು, ದಡದಿಂದ ತುಸು ಸರಿದು, ಚೂರುಹಿಮದ ನಡುವೆ ಎಂಜಿನ್ ತಗ್ಗಿಸಿ ಸೂಚನೆಗೆ ಕಾಯುತ್ತಿದ್ದೆ. ರೇಡಿಯೊದಲ್ಲಿ ಮುಖ್ಯಸ್ಥನ ಧ್ವನಿ ಕೇಳಿಸಿತು: "ಹಲಗೆ ನೋಡಿದೆ. ಕಡೆಯ ದೋಣಿಯವರದ್ದು ಬಿಟ್ಟರೆ ಎಲ್ಲ ಬಿಳಿ. ಕಾವಲಿನವರು ದಿಬ್ಬ ಇಳಿಯಲಿ."

ಕಾವಲಿನವಳು ಉತ್ತರಿಸಿದಳು: "ದಿಬ್ಬದ ಆಚೆ ಬದಿಯನ್ನು ಒಮ್ಮೆ ನಡೆದು ಬರುತ್ತೇನೆ."

"ಬೇಡ. ಮಂಜು ಬರುತ್ತಿದೆ. ಎಲ್ಲರೂ ಹಡಗಿನಲ್ಲಿದ್ದಾರೆ. ಇಳಿದು ಬನ್ನಿ."

ಕೆಂಪಾಗಿ ಉಳಿದಿದ್ದ ಬಿಲ್ಲೆಗಳೆಷ್ಟು, ನನ್ನ ದೋಣಿಯಲ್ಲಿರುವ ತಲೆಗಳೆಷ್ಟು ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಲೆಕ್ಕ ಸರಿಹೋಗುತ್ತಿತ್ತು. ಈ ಮಾತುಕತೆಯನ್ನು ದೋಣಿಗಳಲ್ಲಿದ್ದ ನಾವೆಲ್ಲರೂ ಕೇಳಿದೆವು. ಅವಳು ಇಳಿದಳು, ತನ್ನ ದೋಣಿ ಹತ್ತಿ ಹಳ್ಳಿಯ ಕಡೆಗೆ ಹೊರಟಳು. ನಾನೂ ದೋಣಿ ತಿರುಗಿಸಿದೆ.

ಹಡಗಿನಲ್ಲಿ ಬೂಟು ಕಳಚುವ ಕೋಣೆ ಖಾಲಿಯಾಗುತ್ತಿತ್ತು. ಪ್ರತಿಯೊಬ್ಬರಿಗೂ ಒಂದು ಕೊಕ್ಕೆ. ದಡಕ್ಕೆ ಹೋಗುವಾಗ ಜಾಕೆಟು, ಬೂಟು ತೊಟ್ಟು ಸ್ವಂತ ಪಾದರಕ್ಷೆಯನ್ನು ಅದರ ಕೆಳಗೆ ಬಿಡುತ್ತಾರೆ. ನನ್ನ ಜಾಕೆಟನ್ನು ನೇತುಹಾಕಿ ತಿರುಗಿದಾಗ ಒಂದು ಬರಿ ಕೊಕ್ಕೆಯ ಕೆಳಗೆ ಕಪ್ಪು ಚಪ್ಪಲಿ ಕಂಡಿತು. ಜೋಡಿಸಿಟ್ಟಂತೆ, ದೇವಸ್ಥಾನದ ಹೊರಗೆ ಬಿಟ್ಟಂತೆ. ಓಡಿ ಹಲಗೆ ನೋಡಿದೆ. ಮೇಷ್ಟ್ರಮ್ಮನ ಬಿಲ್ಲೆ ಬಿಳಿಯಾಗಿತ್ತು.

ಅಳಿಯ ಲೌಂಜಿನಲ್ಲಿ ಕಾಫಿ ಕಪ್ಪುಗಳನ್ನು ಹಿಡಿದು ನಿಂತಿದ್ದರು.

"ಅಮ್ಮ ಎಲ್ಲಿ ಸಾರ್?"

"ಕೊನೇ ಬೋಟಲ್ಲಿ ಬಂದ್ರಲ್ಲ. ಅದೇನೋ ಗಿಡ ನೋಡ್ತಾ ಇದ್ರು, ನೀವು ಹೋಗಿರಿ ಬರ್ತೀನಿ ಅಂದ್ರು."

"ಕೊನೇ ಬೋಟು ನಂದೇ ಸಾರ್. ಅದರಲ್ಲಿ ಅವ್ರು ಇರ್ಲಿಲ್ಲ."

ಅವರ ಮುಖ ನಿಧಾನವಾಗಿ ಬಿಳಿಚಿತು. "ಬಿಲ್ಲೆ… ಹೇಗಿದ್ರೂ ಬರ್ತಾರಲ್ಲ ಅಂತ… ನಾನೇ ತಿರುಗಿಸ್ಬಿಟ್ಟೆ."

ಲಂಗರು ಎತ್ತುವ ಸರಪಳಿಯ ಸದ್ದು ಆಗಲೇ ಶುರುವಾಗಿತ್ತು. ಮುಖ್ಯಸ್ಥನಿಗೆ ತಿಳಿಸಿದೆ. ಅವನು ನಿಯಮ ಹೇಳಿದ: ಹಲಗೆ ಅವರು ಇದ್ದಾರೆನ್ನುತ್ತಿದೆ, ಮೊದಲು ಧ್ವನಿವರ್ಧಕದಲ್ಲಿ ಕರೆಯಬೇಕು, ಆಮೇಲೆ ಕೋಣೆ ಕೋಣೆ ಹುಡುಕಬೇಕು, ಸಿಗದಿದ್ದರೆ ಕ್ಯಾಪ್ಟನ್ನರಿಗೆ ಹೇಳಬೇಕು. ಹಡಗಿನ ಹೊರಗಿನವರೊಂದಿಗೆ ಕ್ಯಾಪ್ಟನ್ನರ ಮೂಲಕವೇ ಮಾತನಾಡಬೇಕು.

ಚಪ್ಪಲಿಯ ಮಾತು ಹೇಳಿದೆ. "ಬೂಟು ಹಾಕಿಕೊಂಡೇ ಮೇಲೆ ಹೋಗಿರಬಹುದು," ಎಂದ.

ನಾನು ಅವನ ಮುಂದೆಯೇ ರೇಡಿಯೊವನ್ನು ಎಲ್ಲರೂ ಆಲಿಸುವ ತುರ್ತು ವಾಹಿನಿಗೆ ತಿರುಗಿಸಿದೆ. ಪ್ರಯಾಣಿಕರೊಬ್ಬರು ದಡದಲ್ಲಿ ಉಳಿದಿದ್ದಾರೆ, ವಯಸ್ಸಾದವರು, ಒಬ್ಬರೇ ಇದ್ದಾರೆ, ದಿಬ್ಬದ ಆಚೆ ಇರಬೇಕು ಎಂದೆ. ಮುಖ್ಯಸ್ಥ ನನ್ನ ಮಣಿಕಟ್ಟು ಹಿಡಿದ. ಅಷ್ಟರಲ್ಲಿ ಮಂಜಿನೊಳಗಿಂದ ಕಾವಲಿನವಳ ಧ್ವನಿ ಬಂತು: "ಕೇಳಿಸಿತು. ತಿರುಗುತ್ತಿದ್ದೇನೆ." ಸರಪಳಿಯ ಸದ್ದು ನಿಂತಿತು. ಕ್ಯಾಪ್ಟನ್ ಕೂಡ ಕೇಳಿಸಿಕೊಂಡಿದ್ದರು. ನನ್ನ ದೋಣಿಗೆ ಅನುಮತಿ ಕೊಟ್ಟರು.

ಒಬ್ಬ ಸಹೋದ್ಯೋಗಿ ಮುಂದೆ ಕುಳಿತು ಹಿಮದ ತುಂಡುಗಳನ್ನು ಕೋಲಿನಿಂದ ಸರಿಸುತ್ತಿದ್ದ. ನಾನು ದೋಣಿಯ ಜಿಪಿಎಸ್ ಯಂತ್ರದಲ್ಲಿ ಉಳಿದಿದ್ದ ಹಳೆಯ ಹಾದಿಯ ಗೆರೆಯನ್ನೇ ಹಿಡಿದು ನಡೆಸಿದೆ. ಮಂಜಿನಲ್ಲಿ ವೇಗ ಅಪಾಯ. ತುಸು ದೂರ ಸಾಗಿ ಎಂಜಿನ್ ನಿಲ್ಲಿಸಬೇಕು, ಆಲಿಸಬೇಕು, ಮತ್ತೆ ಸಾಗಬೇಕು. ಪ್ರತಿಸಲ ನಿಲ್ಲಿಸಿದಾಗಲೂ ಹಿಮದೊಳಗಿನ ಹಳೆಯ ಗಾಳಿ ಚಿಟಚಿಟನೆ ಸಿಡಿಯುವುದು ಮಾತ್ರ ಕೇಳಿಸುತ್ತಿತ್ತು. ಅಷ್ಟು ಒಂಟಿತನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮೇಷ್ಟ್ರಮ್ಮ ಇದನ್ನೇ ಕೇಳುತ್ತ ಕುಳಿತಿರಬೇಕು ಎಂದುಕೊಂಡೆ. ಆಮೇಲೆ ದೂರದಲ್ಲಿ ಟಣ್ ಟಣ್ ಎಂಬ ಲೋಹದ ಸದ್ದು ಬಂತು. ಕಾವಲಿನವಳು ನಮಗೆ ದಿಕ್ಕು ತೋರಿಸಲು ದೋಣಿಯ ಅಂಚನ್ನು ಬಡಿಯುತ್ತಿದ್ದಳು.

ದಡ ಮುಟ್ಟಿದಾಗ ಅವಳು ಹುಬ್ಬು ಏರಿಸಿದಳು, ಮೇಷ್ಟ್ರಮ್ಮ ಸಿಕ್ಕಿದ್ದರು; ಆಮೇಲೆ ಗದ್ದದಿಂದ ಮರಳನ್ನು ತೋರಿಸಿದಳು. ಕರಡಿಯ ಹೆಜ್ಜೆಗಳು. ಅವುಗಳೊಳಗೆ ನೀರು ಇನ್ನೂ ಜಿನುಗಿ ತುಂಬಿಕೊಳ್ಳುತ್ತಿತ್ತು. ಮೇಷ್ಟ್ರಮ್ಮನಿಗೆ ಹೇಳಿದ್ದೀಯಾ ಎಂಬಂತೆ ದಿಬ್ಬದ ಕಡೆ ಕಣ್ಣು ಹಾಯಿಸಿದೆ. ಅವಳು ಮೂಗು ಸುಕ್ಕಿಸಿದಳು.

ಕಲ್ಲುಗಳ ಒಂದು ವೃತ್ತದ ನಡುವೆ, ಗಾಳಿ ತಾಗದ ಬದಿಯಲ್ಲಿ, ಕಾವಲಿನವಳ ಕೋಟು ಹೊದ್ದುಕೊಂಡು ಮೇಷ್ಟ್ರಮ್ಮ ಕುಳಿತಿದ್ದರು. ಕೈಯಲ್ಲಿ ಅವಳ ಫ್ಲಾಸ್ಕಿನ ಮುಚ್ಚಳ, ಅದರಲ್ಲಿ ಚಹ.

"ಬಂದ್ಯಾ? ಎಕ್ಸ್‌ಕರ್ಷನ್ನಲ್ಲಿ ಮಕ್ಕಳಿಗೆ ಹೇಳ್ತಿದ್ದೆ, ತಪ್ಪಿಸ್ಕೊಂಡ್ರೆ ಇದ್ದಲ್ಲೇ ಇರಿ, ಬುದ್ಧಿವಂತಿಕೆ ಮಾಡ್ಬೇಡಿ ಅಂತ. ಅದನ್ನೇ ಮಾಡ್ದೆ." ಒಂದು ಗುಟುಕು ಚಹ ಕುಡಿದರು. "ನಿನ್ನ ಮರ ಸಿಕ್ತು ಕಣೇ. ಮಲಗೇ ಇತ್ತು. ಆದ್ರೆ… ಬೋಟಿನ ಸದ್ದು ದೂರ ಆಗ್ತಾ ಹೋಯ್ತು ನೋಡು, ಆಗ…" ಆಗ ಏನಾಯಿತೆಂದು ಕೇಳದೆಯೇ ಮೊಣಕೈ ಹಿಡಿದು ಎಬ್ಬಿಸಿದೆ.

ಇಲ್ಲಿಗೆ ಮುಗಿದಿದ್ದರೆ ಇದೊಂದು ಪಾರಾದ ಕಥೆ. ಮರುದಿನ ಮುಖ್ಯಸ್ಥ ನಮ್ಮನ್ನೆಲ್ಲ ಕೂಡಿಸಿ ಕಂಪನಿಗೆ ಕಳಿಸಲಿದ್ದ ವಿವರಣೆಯನ್ನು ಓದಿದ. ಅದರ ಪ್ರಕಾರ ಸ್ಥಳೀಯ ಕಾವಲುಗಾರ್ತಿ ದಡವನ್ನು ಪೂರ್ತಿ ಪರಿಶೀಲಿಸದೆ ತನ್ನ ಸ್ಥಾನ ಬಿಟ್ಟಿದ್ದಳು. ಆ ಹಳ್ಳಿಯವರನ್ನು ಇನ್ನು ಮುಂದೆ ಕಾವಲಿಗೆ ಕರೆಯುವ ಬಗ್ಗೆ ಮರುಚಿಂತನೆ ಆಗಬೇಕಿತ್ತು. ಮೇಜಿನ ಸುತ್ತ ಕುಳಿತವರೆಲ್ಲ ಆ ರೇಡಿಯೊ ಮಾತನ್ನು ಕೇಳಿದವರೇ. ಯಾರೂ ತಲೆ ಎತ್ತಲಿಲ್ಲ. ಅಲ್ಲಿ ಇಲ್ಲದವಳ ಮೇಲೆ ಹೊರೆ ಹೇರುವುದು ಎಷ್ಟು ಸುಲಭ! ಅವಳ ಕೆಲಸ, ಅವಳ ಹೆಸರು, ಅವಳ ಊರಿನ ಹೆಸರು, ಎಲ್ಲ ಒಂದು ವಾಕ್ಯದಲ್ಲಿ ಹೋಗುತ್ತಿತ್ತು.

ಹೊರಗಿನ ಓಣಿಯಲ್ಲಿ ಅಳಿಯ ಕಾಯುತ್ತಿದ್ದರು. "ನೋಡಮ್ಮಾ, ಅವ್ರೇ ಗಾರ್ಡ್ ತಪ್ಪು ಅಂತಿದಾರಲ್ಲ. ಬಿಲ್ಲೆ ವಿಷ್ಯ ಎತ್ಲೇಬೇಕಾ? ನನ್ನ ಹೆಂಡ್ತಿ ಆಗ್ಲೇ ಮಾತಾಡ್ತಿಲ್ಲ. ನೀನು ನಮ್ಮೋಳು ಅಲ್ವಾ?"

"ಆ ಗಾರ್ಡ್ ಹೆಂಗಸಿಗೆ ಒಳಗೆ ನಮ್ಮೋರು ಅಂತ ಯಾರೂ ಇರ್ಲಿಲ್ಲ ಸಾರ್."

ಒಳಗೆ ಮರಳಿ ಮೂರು ಮಾತುಗಳನ್ನು ಹೇಳಿದೆ. ಬಿಲ್ಲೆಯನ್ನು ತಿರುಗಿಸಿದ್ದು ಮನೆಯವರು. ದಡ ಗುಡಿಸುವ ಕ್ರಮವನ್ನು ತೆಗೆದದ್ದು ಕಂಪನಿ. ನೋಡಿ ಬರುತ್ತೇನೆಂದವಳನ್ನು ದಿಬ್ಬದಿಂದ ಇಳಿಸಿದ್ದು ನೀವು. ಈ ಮೂರೂ ಇಲ್ಲದ ವಿವರಣೆಯಲ್ಲಿ ನನ್ನ ಹೆಸರಿರಬಾರದು. ಮುಖ್ಯಸ್ಥ ಶಾಂತವಾಗಿಯೇ, ರೇಡಿಯೊ ಶಿಸ್ತು ಮುರಿದ ನಿನ್ನ ತಪ್ಪನ್ನೂ ಸೇರಿಸುತ್ತೇನೆ ಎಂದ. ಸೇರಿಸಿ ಎಂದೆ.

ಉಳಿದ ಯಾನದಲ್ಲಿ ನನಗೆ ದೋಣಿ ಕೊಡಲಿಲ್ಲ. ಮೇಲಿನ ಅಟ್ಟದಲ್ಲಿ ನಿಂತು ಪ್ರಯಾಣಿಕರಿಗೆ ತಿಮಿಂಗಿಲ, ವಾಲ್ರಸ್ ತೋರಿಸುವ ಕೆಲಸ. ಸಹೋದ್ಯೋಗಿಗಳ ಮೇಜಿನಲ್ಲಿ ನಾನು ಕುಳಿತರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಬೆಲ್ವ್ಯೂ ಕುಟುಂಬ ಊಟದ ಹೊತ್ತು ಬದಲಿಸಿತು. ಒಂದು ಕಡೆಯವರಿಗೆ ನಾನು ಹೊರಗಿನವಳು, ಇನ್ನೊಂದು ಕಡೆಯವರಿಗೆ ಮನೆಮುರುಕಿ. ಹಿಮಬಂಡೆಗಳು ಮೊದಲಿನಂತೆಯೇ ಸುಂದರವಾಗಿದ್ದವು. ಆ ಸೌಂದರ್ಯ ನನಗೆ ಯಾವ ಉಪಕಾರವನ್ನೂ ಮಾಡಲಿಲ್ಲ.

ಟೋಟೆಮ್ ಲೇಕಿನ ಬಾಡಿಗೆ ಕೋಣೆಗೆ ಮರಳಿದ ಮೇಲೆ ಕಂಪನಿಗೆ ಬರೆದೆ, ಮತ್ತೆ ಬರೆದೆ. "ಸಂವಹನದ ಕೊರತೆ" ಎಂಬ ಉತ್ತರ ಬಂತು. ಕೊರತೆಗೆ ಕರ್ತೃವಿಲ್ಲ, ಮುಖವಿಲ್ಲ. ಅದನ್ನು ಯಾರೂ ಪ್ರಶ್ನಿಸಲಾರರು. ಮುಂದಿನ ಬೇಸಿಗೆಗೆ ನನ್ನ ಅಗತ್ಯವಿಲ್ಲವೆಂಬುದೂ ಅದರಲ್ಲೇ ಇತ್ತು. ಮಳೆ ಹಿಡಿದ ಒಂದು ಮಧ್ಯಾಹ್ನ ಫೋನ್ ಬಂತು.

"ನಾನು ಕಣೇ, ಮೇಷ್ಟ್ರಮ್ಮ. ಮುಂದಿನ ವಾರ ಮೈಸೂರಿಗೆ ಹೊರಟೆ. ಒಂದು ವಿಷ್ಯ ಹೇಳು. ಉಳಿದೋಳು ನಾನು. ಏನಾಯ್ತು ಅಂತ ಇಲ್ಲೀವರೆಗೆ ಯಾರಾದ್ರೂ ನನ್ನ ಕೇಳಿದಾರಾ?"

ಯೋಚಿಸಿದೆ. ಕಂಪನಿ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ.

"ಆ ಆಫೀಸಿಗೆ ಕರ್ಕೊಂಡು ಹೋಗು."

ಬೆಲ್ವ್ಯೂದಲ್ಲಿ ಅವರ ಮನೆಯಿದ್ದ ಗಾಜಿನ ಗೋಪುರದ ಕೆಳಗೆ ಮಗಳು ಕೊಡೆ ಹಿಡಿದು ನಿಂತಿದ್ದಳು. "ನೀವು ಹೇಳಿದ್ದು ಸರಿನೇ. ಆದ್ರೆ ನಾನು ಆ ಮನುಷ್ಯನ ಜೊತೆ ಮನೇಲಿ ಇರ್ಬೇಕಲ್ಲ," ಎಂದಳು. ಅಳಿಯ ಕೆಳಗೆ ಬರಲಿಲ್ಲ.

ಫ್ರೀಮಾಂಟಿನ ಕಚೇರಿಯಲ್ಲಿ ಸಂದರ್ಶಕರ ಬಿಲ್ಲೆ ಕೊಟ್ಟರು. ಕುತ್ತಿಗೆಗೆ ಹಾಕಿಕೊಂಡು ಒಳಹೋದೆವು. ಮ್ಯಾನೇಜರ್ ಮೃದು ಮಾತಿನ ಮಹಿಳೆ. ಆಗಿದ್ದಕ್ಕೆ ವಿಷಾದವಿದೆ ಎಂದಳು. ಮೇಷ್ಟ್ರಮ್ಮ ತರಗತಿಯ ಇಂಗ್ಲಿಷಿನಲ್ಲಿ, ಪ್ರತಿ ಶಬ್ದವನ್ನೂ ಬಿಡಿಸಿ, ನಡೆದುದನ್ನು ಆರಂಭದಿಂದ ಹೇಳಿದರು: ತಾವು ಹೇಳದೆ ದಿಬ್ಬದಾಚೆ ಹೋದದ್ದು, ಅಳಿಯ ಬಿಲ್ಲೆ ತಿರುಗಿಸಿದ್ದು, ಸದ್ದು ದೂರವಾದದ್ದು, ಬಂದವಳು ಯಾರು ಎಂಬುದು. ಕಡೆಗೆ, "ತರಗತಿಯಲ್ಲಿ ಗಲಾಟೆಯಾದರೆ ಗೈರುಹಾಜರಾದ ಮಗುವಿಗೆ ನಾನು ಶಿಕ್ಷೆ ಕೊಟ್ಟವಳಲ್ಲ. ಅವಳಿಗೆ ಈಗ ಫೋನ್ ಮಾಡಿ," ಎಂದರು.

ಪತ್ರ ಕಳಿಸುತ್ತೇವೆ ಎಂದಳು ಮ್ಯಾನೇಜರ್. ಮೇಷ್ಟ್ರಮ್ಮ ಕೈಕಟ್ಟಿ ಕುಳಿತರು, ಏಳುವ ಲಕ್ಷಣವಿರಲಿಲ್ಲ. ಕಡೆಗೆ ಕರೆ ಹೋಯಿತು. ಹಳ್ಳಿಯ ಕಚೇರಿಯಲ್ಲಿ ಎತ್ತಿಕೊಂಡವರು, ಅವಳು ನೀರಿನ ಮೇಲಿದ್ದಾಳೆ, ಆದರೆ ಊರೆಲ್ಲ ಆಲಿಸುವ ರೇಡಿಯೊವನ್ನು ಕೇಳುತ್ತಿರುತ್ತಾಳೆ, ಹೇಳುವುದಿದ್ದರೆ ಪಕ್ಕದ ಕೋಣೆಯ ಮೈಕಿಗೆ ಫೋನ್ ಹಿಡಿಯುತ್ತೇವೆ ಎಂದರು. ಮ್ಯಾನೇಜರ್ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಒಂದೇ ವಾಕ್ಯ ಹೇಳಿದಳು: ಆ ದಿನ ಕಾವಲಿನವರಿಂದ ಯಾವ ತಪ್ಪೂ ಆಗಿಲ್ಲ. ತಪ್ಪು ಯಾರದೆಂದು ಹೇಳಲಿಲ್ಲ. ಅದು ಅರ್ಧ ನ್ಯಾಯ. ಉಳಿದರ್ಧವನ್ನು ನಾನು ಇಲ್ಲಿ ಬರೆದಿದ್ದೇನೆ.

ಹೊರಡುವಾಗ ಬಾಗಿಲ ಬಳಿಯ ಪೆಟ್ಟಿಗೆಗೆ ಬಿಲ್ಲೆ ಹಾಕಿ ಹೋಗಿ ಎಂದರು. ನಾನು ನನ್ನದನ್ನು ತೆಗೆದೆ. ಯೋಚಿಸದೆಯೇ ಇನ್ನೊಂದು ಕೈ ಮೇಷ್ಟ್ರಮ್ಮನ ಕುತ್ತಿಗೆಯ ಕಡೆಗೂ ಹೋಯಿತು. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಬಿಡು. ನಂದು ನಾನೇ ಹಾಕ್ತೀನಿ."